ಹಳೆಯ ಗಣಕಯಂತ್ರಕ್ಕೆ ಹೊಸ ರ‍್ಯಾಮ್: ಹಣ ಕೊಡುವ ಮುನ್ನ ಕನ್ನಡ ಶಾಲೆಯ ಕುಟುಂಬಗಳು ತಿಳಿಯಬೇಕಾದ ಸಂಗತಿಗಳು

ಸಿ. ಬೆಳಗಲ್: ತುಂಗಭದ್ರೆಯ ಬಲದಂಡೆಯ ಸಿ. ಬೆಳಗಲ್‌ನಿಂದ ಆದೋನಿ, ಆಲೂರು, ಹೊಳಗುಂದದವರೆಗಿನ ನಮ್ಮ ಭಾಗದ ಕನ್ನಡ ಮನೆಗಳಿಗೆ ಗಣಕಯಂತ್ರ ಬರುವುದು ಬಹುಮಟ್ಟಿಗೆ ಎರಡನೆಯ ಕೈಯಿಂದ. ಬೆಂಗಳೂರಿನಲ್ಲಿ ದುಡಿಯುವ ಬಂಧುವೊಬ್ಬರು ಕಳಿಸಿಕೊಟ್ಟದ್ದು, ಕಚೇರಿಯೊಂದು ವಿಲೇವಾರಿ ಮಾಡಿದ್ದು, ಕರ್ನೂಲಿನ ಅಂಗಡಿಯಲ್ಲಿ ಅಗ್ಗಕ್ಕೆ ದೊರೆತದ್ದು. ಯಂತ್ರ ಕೆಟ್ಟಿರುವುದಿಲ್ಲ, ಆದರೆ ನಿಧಾನವಾಗಿರುತ್ತದೆ. ಪಠ್ಯಪುಸ್ತಕದ ಪಿಡಿಎಫ್ ತೆರೆದು ಒಂದು ಪುಟ ಸರಿಸುವಷ್ಟರಲ್ಲಿ ಮಗುವಿನ ತಾಳ್ಮೆ ಮುಗಿಯುತ್ತದೆ. ಕೆಲವೇ ವಾರಗಳಲ್ಲಿ ಯಂತ್ರದ ಮೇಲೆ ಬಟ್ಟೆ ಹೊದಿಸಲಾಗುತ್ತದೆ, ಮಗು ಮತ್ತೆ ಮೊಬೈಲಿಗೆ ಮರಳುತ್ತದೆ.

ಇಂತಹ ಯಂತ್ರಗಳಲ್ಲಿ ಅನೇಕವನ್ನು ರ‍್ಯಾಮ್ ಎಂಬ ಒಂದು ಸಣ್ಣ ಪಟ್ಟಿಯನ್ನು ಸೇರಿಸಿ ಮತ್ತೆ ಕೆಲಸಕ್ಕೆ ಹಚ್ಚಬಹುದು. ಆದರೆ ಯಾವ ಪಟ್ಟಿಯಾದರೂ ಯಾವ ಯಂತ್ರಕ್ಕಾದರೂ ಹೊಂದುವುದಿಲ್ಲ. ತಪ್ಪಾದದ್ದನ್ನು ತಂದರೆ ಕೂಲಿಯ ಹಣವೂ ಪೇಟೆಗೆ ಹೋಗಿಬಂದ ದಿನವೂ ವ್ಯರ್ಥ. ಅಂಗಡಿಯ ಮಾತು ತೆಲುಗಿನಲ್ಲೋ ಹಿಂದಿಯಲ್ಲೋ ನಡೆಯುತ್ತದೆ, ಪಟ್ಟಿಯ ಮೇಲಿನ ಅಕ್ಷರಗಳು ಇಂಗ್ಲಿಷಿನವು. ಈ ಎರಡರ ನಡುವೆ ಕನ್ನಡದಲ್ಲಿ ಓದಿದ ಪೋಷಕರು ಅಂಗಡಿಯವರು ಹೇಳಿದ್ದನ್ನೇ ನಂಬಬೇಕಾದ ಸ್ಥಿತಿ ಬರಬಾರದು ಎಂಬುದು ಈ ಲೇಖನದ ಉದ್ದೇಶ. ಯಂತ್ರದ ಮದರ್‌ಬೋರ್ಡ್ ಯಾವ ಪೀಳಿಗೆಯ ರ‍್ಯಾಮ್ ಅನ್ನು ಒಪ್ಪುತ್ತದೆ ಎಂಬುದನ್ನು ಮನೆಯಲ್ಲಿಯೇ ತಿಳಿದುಕೊಂಡು, ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಮಾತ್ರ ಅಂಗಡಿಗೆ ಹೋಗಬೇಕು.

ರ‍್ಯಾಮ್ ಎಂದರೇನು?

ಹಾರ್ಡ್‌ಡಿಸ್ಕ್ ಮನೆಯ ಕಪಾಟಿನಂತೆ, ರ‍್ಯಾಮ್ ಓದುವ ಮೇಜಿನಂತೆ. ಕಪಾಟಿನಲ್ಲಿ ನೂರು ಪುಸ್ತಕಗಳಿರಬಹುದು, ಆದರೆ ಈಗ ಓದುತ್ತಿರುವವನ್ನು ಮೇಜಿನ ಮೇಲೆ ತೆರೆದಿಡಬೇಕು. ಮೇಜು ಚಿಕ್ಕದಾದರೆ ಒಂದನ್ನು ಎತ್ತಿಟ್ಟು ಇನ್ನೊಂದನ್ನು ತರಬೇಕಾಗುತ್ತದೆ. ಗಣಕಯಂತ್ರವೂ ರ‍್ಯಾಮ್ ತುಂಬಿದಾಗ ಹೀಗೆಯೇ ಮಾಡುತ್ತದೆ. ಸದ್ಯಕ್ಕೆ ಬೇಡವಾದುದನ್ನು ಹಾರ್ಡ್‌ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್ ರ‍್ಯಾಮ್‌ಗಿಂತ ಬಹಳ ನಿಧಾನವಾದುದರಿಂದ ಈ ಸಾಗಾಟದಲ್ಲಿಯೇ ಸಮಯವೆಲ್ಲ ಕಳೆಯುತ್ತದೆ. ಯಂತ್ರ ‘ನೇತುಬಿದ್ದಿದೆ’ ಎಂದು ನಾವು ಹೇಳುವುದು ಹೆಚ್ಚಾಗಿ ಈ ಹೊತ್ತಿನಲ್ಲಿ.

ಇಂದು ಬಳಕೆಯಲ್ಲಿರುವ ರ‍್ಯಾಮ್‌ನ ಮೂಲ ಕಲ್ಪನೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಅವರದು. 1966ರಲ್ಲಿ ಹೊಳೆದ ಆ ಕಲ್ಪನೆಗೆ 1968ರಲ್ಲಿ ಪೇಟೆಂಟ್ ದೊರೆಯಿತು. ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಪುಟ್ಟ ಕೆಪಾಸಿಟರ್ ಸೇರಿ ಒಂದು ಬಿಟ್ ಮಾಹಿತಿಯನ್ನು ಹಿಡಿದಿಡುತ್ತವೆ. ಕೆಪಾಸಿಟರಿನಲ್ಲಿರುವ ವಿದ್ಯುದಂಶ ಸದಾ ಸೋರುತ್ತಿರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಎಲ್ಲ ಕೋಶಗಳನ್ನೂ ಮತ್ತೆ ತುಂಬಲಾಗುತ್ತದೆ. ವಿದ್ಯುತ್ ನಿಂತ ಕೂಡಲೇ ಈ ತುಂಬುವಿಕೆ ನಿಲ್ಲುತ್ತದೆ, ರ‍್ಯಾಮ್‌ನಲ್ಲಿದ್ದುದೆಲ್ಲ ಅಳಿಯುತ್ತದೆ. ಎಷ್ಟೇ ರ‍್ಯಾಮ್ ಹಾಕಿಸಿದರೂ ಕರೆಂಟು ಹೋದಾಗ ಉಳಿಸಿಕೊಳ್ಳದ ಬರಹ ಉಳಿಯುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಬೇಕು.

ಕನ್ನಡ ಭಾರವೇ?

‘ಕನ್ನಡ ತಂತ್ರಾಂಶ ಹಾಕಿದ್ದರಿಂದಲೇ ಯಂತ್ರ ನಿಧಾನವಾಯಿತು’ ಎಂಬ ಮಾತನ್ನು ಪೋಷಕರಿಂದ ಆಗಾಗ ಕೇಳುತ್ತೇವೆ. ಇದು ಸರಿಯಲ್ಲ ಎಂಬುದನ್ನು ಸರಳ ಲೆಕ್ಕದಿಂದ ಕಾಣಬಹುದು.

ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. ಪುಟಕ್ಕೆ 1,500 ಸಂಕೇತಗಳಂತೆ 200 ಪುಟಗಳ ಒಂದು ಪುಸ್ತಕವನ್ನು ಪೂರ್ತಿಯಾಗಿ ಬೆರಳಚ್ಚು ಮಾಡಿದರೂ ಆಗುವುದು 9 ಲಕ್ಷ ಬೈಟ್, ಅಂದರೆ 1 ಎಂಬಿಗಿಂತ ಕಡಿಮೆ. 2 ಜಿಬಿ ರ‍್ಯಾಮ್‌ನಲ್ಲಿ ಅಂತಹ ಪುಸ್ತಕಗಳು ಎರಡು ಸಾವಿರ ಹಿಡಿಯುತ್ತವೆ.

ಅದೇ ಪುಸ್ತಕವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಇಟ್ಟಿದ್ದರೆ ಲೆಕ್ಕ ಬೇರೆ. ಎ4 ಅಳತೆಯ ಒಂದು ಪುಟವನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2,480 × 3,508 ಚುಕ್ಕಿಗಳು, ಚುಕ್ಕಿಗೆ 3 ಬೈಟ್. ಕಡತ ಡಿಸ್ಕಿನ ಮೇಲೆ ಚಿಕ್ಕದಾಗಿ ಕುಗ್ಗಿಸಿಟ್ಟಿದ್ದರೂ ಪರದೆಯ ಮೇಲೆ ತೋರಿಸಲು ಬಿಚ್ಚಿದಾಗ ಒಂದೇ ಪುಟಕ್ಕೆ ಸುಮಾರು 26 ಎಂಬಿ ಬೇಕಾಗುತ್ತದೆ. ಪುಟ ಸರಿಸುವಾಗ ಹಿಂದಿನ, ಮುಂದಿನ ಪುಟಗಳನ್ನೂ ಯಂತ್ರ ಸಿದ್ಧವಾಗಿಟ್ಟುಕೊಳ್ಳುತ್ತದೆ. ಜೊತೆಗೆ ಬ್ರೌಸರಿನಲ್ಲಿ ಪಾಠದ ವಿಡಿಯೊ ಓಡುತ್ತಿದ್ದರೆ 2 ಜಿಬಿ ತುಂಬಲು ತಡವಾಗುವುದಿಲ್ಲ.

ಆದ್ದರಿಂದ ಭಾರವಾಗುವುದು ಕನ್ನಡವಲ್ಲ. ಚಿತ್ರರೂಪದ ಪುಟಗಳು, ಬ್ರೌಸರ್ ಮತ್ತು ವಿಡಿಯೊ. ನುಡಿ, ಬರಹ ಮುಂತಾದ ಕನ್ನಡ ತಂತ್ರಾಂಶಗಳನ್ನು ಅಳಿಸಿಹಾಕುವುದರಿಂದ ಯಂತ್ರಕ್ಕೆ ವೇಗ ಬರುವುದಿಲ್ಲ. ಯಾರಾದರೂ ಹಾಗೆ ಸಲಹೆ ಕೊಟ್ಟರೆ ಒಪ್ಪಬೇಕಾಗಿಲ್ಲ.

ಮೊದಲು ರೋಗ ಯಾವುದೆಂದು ತಿಳಿಯಿರಿ

ನಿಧಾನಕ್ಕೆಲ್ಲ ರ‍್ಯಾಮ್ ಮದ್ದಲ್ಲ. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಮಗು ದಿನವೂ ಬಳಸುವ ಪಠ್ಯಪುಸ್ತಕದ ಪಿಡಿಎಫ್, ಒಂದು ವಿಡಿಯೊ ಪಾಠ, ಬೆರಳಚ್ಚಿನ ತಂತ್ರಾಂಶ ಇವೆಲ್ಲವನ್ನೂ ಒಟ್ಟಿಗೆ ತೆರೆಯಿರಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಹತ್ತು ನಿಮಿಷ ಅಂಕಿಗಳನ್ನು ಗಮನಿಸಿ.

- ಮೆಮೊರಿ ಶೇ 85–90ನ್ನು ದಾಟಿ ನಿಂತಿದ್ದರೆ ರ‍್ಯಾಮ್ ಸಾಲದು. ಹೊಸ ಪಟ್ಟಿ ಹಾಕಿದರೆ ಪ್ರಯೋಜನ ಕಾಣುತ್ತದೆ.
- ಮೆಮೊರಿ ಅರ್ಧದಷ್ಟೇ ತುಂಬಿದ್ದು ಡಿಸ್ಕ್ ಸದಾ ಶೇ 100ರಲ್ಲಿದ್ದರೆ ತೊಂದರೆ ಹಾರ್ಡ್‌ಡಿಸ್ಕಿನದು. ಅಲ್ಲಿ ಎಸ್‌ಎಸ್‌ಡಿ ಹಾಕಿಸುವುದು ರ‍್ಯಾಮ್‌ಗಿಂತ ಹೆಚ್ಚು ಫಲ ಕೊಡುತ್ತದೆ.
- ಸಿಪಿಯು ಸದಾ ಶೇ 100ರಲ್ಲಿದ್ದರೆ ಪ್ರೊಸೆಸರ್ ದಣಿದಿದೆ, ಇಲ್ಲವೆ ವೈರಸ್ ಇದೆ. ರ‍್ಯಾಮ್‌ನಿಂದ ಗುಣವಾಗದು.
- ಮೂರೂ ಕಡಿಮೆಯಿದ್ದು ಯಂತ್ರ ಕಾದು ತಾನಾಗಿ ನಿಲ್ಲುತ್ತಿದ್ದರೆ ಫ್ಯಾನನ್ನು ನೋಡಿ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಆದೋನಿಯ ಸುತ್ತಮುತ್ತ ಫ್ಯಾನಿನ ರೆಕ್ಕೆಗಳಲ್ಲಿ ಧೂಳಿನೊಡನೆ ಹತ್ತಿಯ ನವಿರೂ ಕೂಡಿ ದಪ್ಪನೆಯ ಪದರವಾಗುತ್ತದೆ. ಅದನ್ನು ಬಿಡಿಸಲು ಮೆತ್ತನೆಯ ಕುಂಚ ಸಾಕು, ಹಣ ಬೇಡ.

ಪೀಳಿಗೆ: ಇಲ್ಲಿ ತಪ್ಪಿದರೆ ಎಲ್ಲವೂ ತಪ್ಪು

ರ‍್ಯಾಮ್ ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತ ಬಂದಿದೆ. ಒಂದು ಪೀಳಿಗೆಯ ಪಟ್ಟಿ ಇನ್ನೊಂದರ ಸ್ಲಾಟಿನಲ್ಲಿ ಕೂರದು. ಪ್ರತಿ ಪೀಳಿಗೆಗೂ ಪಟ್ಟಿಯ ಕೆಳ ಅಂಚಿನಲ್ಲಿರುವ ಕಚ್ಚಿನ ಜಾಗವೇ ಬೇರೆ. ಬಲವಂತವಾಗಿ ಒತ್ತಿದರೆ ಸ್ಲಾಟ್ ಒಡೆಯುತ್ತದೆ. ಮೇಜಿನ ಮೇಲಿಡುವ ಗಣಕಯಂತ್ರಗಳ ಪಟ್ಟಿಗಳ ವಿವರ ಹೀಗಿದೆ:

- ಡಿಡಿಆರ್ (ಮೊದಲ ಪೀಳಿಗೆ): 184 ಪಿನ್, 2.5 ವೋಲ್ಟ್. ಸುಮಾರು 2001–2005ರ ಯಂತ್ರಗಳಲ್ಲಿ.
- ಡಿಡಿಆರ್2: 240 ಪಿನ್, 1.8 ವೋಲ್ಟ್. ಸುಮಾರು 2005–2009ರ ಯಂತ್ರಗಳಲ್ಲಿ. ವೇಗ 533, 667, 800.
- ಡಿಡಿಆರ್3: 240 ಪಿನ್, 1.5 ವೋಲ್ಟ್. ಸುಮಾರು 2009–2015ರ ಯಂತ್ರಗಳಲ್ಲಿ. ವೇಗ 1066, 1333, 1600. ಇದರದೇ ಒಂದು ಬಗೆಯಾದ ಡಿಡಿಆರ್3ಎಲ್ 1.35 ವೋಲ್ಟಿನದು.
- ಡಿಡಿಆರ್4: 288 ಪಿನ್, 1.2 ವೋಲ್ಟ್. ಸುಮಾರು 2015ರ ನಂತರದ ಯಂತ್ರಗಳಲ್ಲಿ. ವೇಗ 2133, 2400, 2666, 3200.
- ಡಿಡಿಆರ್5: 288 ಪಿನ್, 1.1 ವೋಲ್ಟ್. ಹೊಸ ಯಂತ್ರಗಳಲ್ಲಿ ಮಾತ್ರ.

ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್‌ಗಳೇ ಇರುವುದನ್ನು ಗಮನಿಸಿ. ಉದ್ದವೂ ಒಂದೇ, ಸುಮಾರು 13.3 ಸೆಂಟಿಮೀಟರ್. ಕಣ್ಣಂದಾಜಿನಲ್ಲಿ ಇವೆರಡೂ ಅವಳಿಗಳಂತೆ ಕಾಣುತ್ತವೆ, ನಮ್ಮ ಭಾಗದ ಯಂತ್ರಗಳಲ್ಲಿ ಹೆಚ್ಚಾಗಿ ಇರುವವೂ ಇವೇ. ಆದುದರಿಂದ ಗೊಂದಲವೂ ಇಲ್ಲಿಯೇ ಹೆಚ್ಚು.

ಮೇಲಿನ ವರ್ಷಗಳು ಅಂದಾಜಿನವು, ಅವನ್ನು ನಂಬಿ ಕೊಳ್ಳಬಾರದು. ಯಂತ್ರದಲ್ಲಿ ಈಗಿರುವ ಪಟ್ಟಿಯೇ ಸಾಕ್ಷಿ. ಅದರ ಮೇಲಿನ ಚೀಟಿಯಲ್ಲಿ ‘ಪಿಸಿ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳ ಬೆನ್ನಿಗೇ ಬರುವ ಅಂಕಿಯೇ ಪೀಳಿಗೆ. ಪಿಸಿ2 ಎಂದರೆ ಡಿಡಿಆರ್2, ಪಿಸಿ3 ಎಂದರೆ ಡಿಡಿಆರ್3. ಅಡ್ಡಗೆರೆಯ ನಂತರದ ದೊಡ್ಡ ಸಂಖ್ಯೆ ವೇಗವನ್ನು ಸೂಚಿಸುತ್ತದೆ. ಪಟ್ಟಿ ಒಂದು ಸಲಕ್ಕೆ 64 ಬಿಟ್, ಅಂದರೆ 8 ಬೈಟ್ ಸಾಗಿಸುತ್ತದೆ. ಆದ್ದರಿಂದ ಆ ಸಂಖ್ಯೆಯನ್ನು 8ರಿಂದ ಭಾಗಿಸಿದರೆ ಪರಿಚಿತ ವೇಗ ದೊರೆಯುತ್ತದೆ: ಪಿಸಿ2-6400 ಎಂದರೆ 800, ಪಿಸಿ3-10600 ಎಂದರೆ ಸುಮಾರು 1333, ಪಿಸಿ3-12800 ಎಂದರೆ 1600. ಆರನೆಯ ತರಗತಿಯ ಮಗುವೂ ಈ ಭಾಗಾಕಾರ ಮಾಡಬಲ್ಲದು, ಮಾಡಿಸಿ ನೋಡಿ. ಡಿಡಿಆರ್4ರ ಕೆಲವು ಚೀಟಿಗಳಲ್ಲಿ ಮಾತ್ರ ಪಿಸಿ4-2400 ಎಂಬಂತೆ ವೇಗವನ್ನೇ ನೇರವಾಗಿ ಬರೆದಿರುತ್ತಾರೆ.

ಚೀಟಿ ಹರಿದುಹೋಗಿದ್ದರೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು. ಅದರ ಮೆಮೊರಿ ವಿಭಾಗದಲ್ಲಿ ಪೀಳಿಗೆಯೂ ಎಸ್‌ಪಿಡಿ ವಿಭಾಗದಲ್ಲಿ ಪ್ರತಿ ಪಟ್ಟಿಯ ಗಾತ್ರ, ವೇಗ, ತಯಾರಕರ ಹೆಸರೂ ಮೇನ್‌ಬೋರ್ಡ್ ವಿಭಾಗದಲ್ಲಿ ಬೋರ್ಡಿನ ಮಾದರಿಯೂ ಕಾಣುತ್ತವೆ. ಈ ಪರದೆಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಎಷ್ಟು ಸ್ಲಾಟುಗಳಿವೆ, ಎಷ್ಟು ಖಾಲಿ ಇವೆ ಎಂಬುದು ಟಾಸ್ಕ್ ಮ್ಯಾನೇಜರಿನಲ್ಲಿಯೂ ತಿಳಿಯುತ್ತದೆ.

ಲ್ಯಾಪ್‌ಟಾಪಿನ ಪಟ್ಟಿ ಇದರ ಅರ್ಧದಷ್ಟು ಉದ್ದ, ಸುಮಾರು 6.8 ಸೆಂಟಿಮೀಟರ್. ಪೀಳಿಗೆ ಒಂದೇ ಆಗಿದ್ದರೂ ಮೇಜಿನ ಯಂತ್ರಕ್ಕೆ ಅದು ಬಾರದು. ಕೊಳ್ಳುವಾಗ ‘ಡೆಸ್ಕ್‌ಟಾಪಿಗೆ’ ಎಂದೋ ‘ಲ್ಯಾಪ್‌ಟಾಪಿಗೆ’ ಎಂದೋ ಸ್ಪಷ್ಟವಾಗಿ ಹೇಳಬೇಕು.

ಎಷ್ಟು ಜಿಬಿ? ಬೋರ್ಡ್ ಎಷ್ಟನ್ನು ತಾಳುತ್ತದೆ?

ನುಡಿಯಲ್ಲಿ ಬರೆಯುವುದಷ್ಟೇ ಕೆಲಸವಾದರೆ ಹಳೆಯ ಯಂತ್ರದ 2 ಜಿಬಿಯೇ ಸಾಕು. ಪಠ್ಯಪುಸ್ತಕ, ವಿಡಿಯೊ ಪಾಠ ಮತ್ತು ಬರವಣಿಗೆ ಒಟ್ಟಿಗೆ ನಡೆಯಬೇಕಾದರೆ 4 ಜಿಬಿಗಿಂತ ಕಡಿಮೆಯಿದ್ದರೆ ಆಗದು. 8 ಜಿಬಿ ಇದ್ದರೆ ನೆಮ್ಮದಿ. ಶಾಲೆಯ ಮಗುವಿನ ಕೆಲಸಕ್ಕೆ ಅದಕ್ಕಿಂತ ಹೆಚ್ಚಿನದಕ್ಕೆ ಹಣ ಹಾಕುವ ಅಗತ್ಯವಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳು ಪರದೆಯ ಚಿತ್ರಕ್ಕಾಗಿ ಇದೇ ರ‍್ಯಾಮ್‌ನಿಂದ ಸ್ವಲ್ಪ ಪಾಲು ತೆಗೆದುಕೊಳ್ಳುತ್ತವೆ ಎಂಬುದೂ ನೆನಪಿರಲಿ.

ಆದರೆ ನಮಗೆ ಬೇಕೆನಿಸಿದಷ್ಟನ್ನು ಬೋರ್ಡ್ ಒಪ್ಪಬೇಕಲ್ಲ? ಅದಕ್ಕೆ ಎರಡು ಮಿತಿಗಳಿವೆ.

ಮೊದಲನೆಯದು ಬೋರ್ಡಿನ ಚಿಪ್‌ಸೆಟ್ಟಿನ ಮಿತಿ. ಇಂಟೆಲ್‌ನ ಜಿ31 ಚಿಪ್‌ಸೆಟ್ ಇರುವ ಬೋರ್ಡುಗಳು ಡಿಡಿಆರ್2 ಬಗೆಯವು, ಗರಿಷ್ಠ 4 ಜಿಬಿ. ಜಿ41 ಬೋರ್ಡುಗಳಲ್ಲಿ ಕೆಲವು ಡಿಡಿಆರ್2, ಕೆಲವು ಡಿಡಿಆರ್3. ಗರಿಷ್ಠ 8 ಜಿಬಿ. ಎಚ್61 ಮತ್ತು ಎಚ್81 ಬೋರ್ಡುಗಳು ಡಿಡಿಆರ್3 ಬಗೆಯವು, ಗರಿಷ್ಠ 16 ಜಿಬಿ. ಬೋರ್ಡ್ ತಯಾರಕರು ಇದಕ್ಕಿಂತ ಕಡಿಮೆ ಮಿತಿ ಹಾಕಿರಬಹುದಾದ್ದರಿಂದ ಮಾದರಿಯ ಹೆಸರಿನಿಂದ ಅವರ ಕೈಪಿಡಿಯನ್ನು ಹುಡುಕಿ ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ವಿಂಡೋಸಿನ ಮಿತಿ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಅಬೌಟ್ ಎಂಬಲ್ಲಿ ‘32-ಬಿಟ್’ ಎಂದಿದ್ದರೆ ಆ ವಿಂಡೋಸ್ 4 ಜಿಬಿಯನ್ನು ದಾಟಲಾರದು. ಅದರಲ್ಲಿಯೂ ಬಳಕೆಗೆ ಸಿಗುವುದು ಸಾಮಾನ್ಯವಾಗಿ 3ರಿಂದ 3.5 ಜಿಬಿ ಮಾತ್ರ. ಅಂತಹ ಯಂತ್ರಕ್ಕೆ 8 ಜಿಬಿ ಹಾಕಿಸಿದರೆ ಉಳಿದದ್ದು ಸುಮ್ಮನೆ ಕೂರುತ್ತದೆ. ಪ್ರೊಸೆಸರ್ ಒಪ್ಪುವುದಾದರೆ 64-ಬಿಟ್ ವ್ಯವಸ್ಥೆಯನ್ನು ಹೊಸದಾಗಿ ಹಾಕಿಸಬೇಕು. ಹಾಕಿಸುವ ಮೊದಲು ಮಕ್ಕಳ ಬರಹ, ಮನೆಯ ಚಿತ್ರ, ಜಾತಿ–ಆದಾಯ ಪತ್ರಗಳ ಪ್ರತಿಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಲೇಬೇಕು.

ಅಂಗಡಿಯಲ್ಲಿ ಎಚ್ಚರ

ಅಗ್ಗವಾಗಿ ಸಿಗುವ ಪಟ್ಟಿಗಳಲ್ಲಿ ಮೂರು ಬಗೆಯವು ನಮ್ಮ ಜನರ ಹಣ ಕಳೆಯುತ್ತವೆ.

ಒಂದು, ಸರ್ವರ್ ರ‍್ಯಾಮ್. ದೊಡ್ಡ ಕಂಪನಿಗಳು ಕಳಚಿ ಮಾರಿದ ಈ ಪಟ್ಟಿಗಳು ನೋಡಲು ಗಟ್ಟಿಮುಟ್ಟಾಗಿಯೂ ಬೆಲೆಯಲ್ಲಿ ಸುಲಭವಾಗಿಯೂ ಇರುತ್ತವೆ, ಆದರೆ ಮನೆಯ ಸಾಮಾನ್ಯ ಯಂತ್ರದಲ್ಲಿ ಕೆಲಸ ಮಾಡವು. ಚೀಟಿಯಲ್ಲಿ ಪಿಸಿ3-12800ರಂತಹ ಸಂಖ್ಯೆಯ ಕೊನೆಗೆ ‘ಆರ್’ ಅಕ್ಷರ ಇದ್ದರೆ ಅದು ಸರ್ವರಿನದು. ‘ಯು’ ಇದ್ದರೆ ಮೇಜಿನ ಯಂತ್ರದ್ದು, ‘ಎಸ್’ ಇದ್ದರೆ ಲ್ಯಾಪ್‌ಟಾಪಿನದು. ‘ಇ’ ಇದ್ದರೆ ದೋಷ ತಿದ್ದುವ ಇಸಿಸಿ ಬಗೆಯದು, ಮನೆಯ ಯಂತ್ರಕ್ಕೆ ಅದನ್ನು ಕೊಳ್ಳಬೇಡಿ. ಚಿಪ್ಪುಗಳನ್ನು ಎಣಿಸಿಯೂ ಸಂಶಯ ಪಡಬಹುದು: ಸಾಮಾನ್ಯ ಪಟ್ಟಿಯ ಒಂದು ಬದಿಯಲ್ಲಿ ಹೆಚ್ಚಾಗಿ 8 ಅಥವಾ 4 ಚಿಪ್ಪುಗಳಿರುತ್ತವೆ, ಇಸಿಸಿ ಪಟ್ಟಿಯಲ್ಲಿ 9.

ಎರಡು, ‘ಎಎಂಡಿ ಬೋರ್ಡಿಗೆ ಮಾತ್ರ’ ಎಂದು ಮಾರುವ ಡಿಡಿಆರ್2 ಮತ್ತು ಡಿಡಿಆರ್3 ಪಟ್ಟಿಗಳು. ಇವುಗಳ ಒಳಜೋಡಣೆ ಬೇರೆಯಾದುದರಿಂದ ಇಂಟೆಲ್ ಬೋರ್ಡಿನಲ್ಲಿ ಯಂತ್ರ ಏಳುವುದೇ ಇಲ್ಲ. ಆನ್‌ಲೈನಿನಲ್ಲಿ ಕೊಳ್ಳುವಾಗ ವಿವರವನ್ನು ಕೊನೆಯವರೆಗೆ ಓದದಿದ್ದರೆ ಈ ಮಾತು ಕಣ್ಣಿಗೆ ಬೀಳುವುದಿಲ್ಲ.

ಮೂರು, ಜಿ41 ಬೋರ್ಡುಗಳಿಗೆ ಹೊಂದದ 4 ಜಿಬಿ ಡಿಡಿಆರ್3 ಪಟ್ಟಿ. ಈ ಚಿಪ್‌ಸೆಟ್ ಹಳೆಯ ಬಗೆಯ ಚಿಪ್ಪುಗಳನ್ನು ಮಾತ್ರ ಅರಿಯುತ್ತದೆ. ಎರಡೂ ಬದಿಗಳಲ್ಲಿ ತಲಾ 8ರಂತೆ ಒಟ್ಟು 16 ಚಿಪ್ಪುಗಳಿರುವ 4 ಜಿಬಿ ಪಟ್ಟಿ ಇದಕ್ಕೆ ಬೇಕು. ಒಂದೇ ಬದಿಯಲ್ಲಿ 8 ಚಿಪ್ಪುಗಳಿರುವ ಹೊಸ 4 ಜಿಬಿ ಪಟ್ಟಿಯನ್ನು ಹಾಕಿದರೆ ಯಂತ್ರ ಗುರುತಿಸದೆ ಇರಬಹುದು. ಪಟ್ಟಿ ಕೆಟ್ಟದ್ದೆಂದು ಅಂಗಡಿಯವರೊಡನೆ ಜಗಳಕ್ಕಿಳಿಯುವ ಮೊದಲು ಇದನ್ನು ಪರಿಶೀಲಿಸಬೇಕು.

ವೇಗದ ವಿಷಯದಲ್ಲಿ ಅಷ್ಟು ಚಿಂತೆ ಬೇಡ. ಒಂದೇ ಪೀಳಿಗೆಯ 1333 ಮತ್ತು 1600ರ ಪಟ್ಟಿಗಳನ್ನು ಜೊತೆಗೆ ಹಾಕಿದರೆ ಎರಡೂ ಕಡಿಮೆ ವೇಗಕ್ಕೆ ಹೊಂದಿಕೊಂಡು ನಡೆಯುತ್ತವೆ. 1.35 ವೋಲ್ಟಿನ ಡಿಡಿಆರ್3ಎಲ್ ಪಟ್ಟಿ ಸಾಮಾನ್ಯವಾಗಿ 1.5 ವೋಲ್ಟಿನಲ್ಲಿಯೂ ಕೆಲಸ ಮಾಡುವುದರಿಂದ ಹಳೆಯ ಡಿಡಿಆರ್3 ಯಂತ್ರಕ್ಕೆ ನಡೆಯುತ್ತದೆ. ಆದರೆ 1.35 ವೋಲ್ಟನ್ನೇ ಬೇಡುವ ಯಂತ್ರಕ್ಕೆ 1.5 ವೋಲ್ಟಿನ ಪಟ್ಟಿ ಹಾಕಬಾರದು. ಒಂದೇ ಗಾತ್ರದ ಎರಡು ಪಟ್ಟಿಗಳನ್ನು ಜೋಡಿಯಾಗಿ ಹಾಕಿದರೆ ಎರಡು ದಾರಿಗಳಲ್ಲಿ ಮಾಹಿತಿ ಸಾಗಿ ಸ್ವಲ್ಪ ಲಾಭವಾಗುತ್ತದೆ. ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ ಯಾವೆರಡು ಸ್ಲಾಟುಗಳು ಜೋಡಿ ಎಂಬುದನ್ನು ಬಹುಮಟ್ಟಿಗೆ ಒಂದೇ ಬಣ್ಣದಿಂದ ತೋರಿಸಿರುತ್ತಾರೆ.

ಹೊಸದೋ ಹಳೆಯದೋ? ಎಲ್ಲಿ ಕೊಳ್ಳುವುದು?

ರ‍್ಯಾಮ್‌ನಲ್ಲಿ ತಿರುಗುವ, ಸವೆಯುವ ಭಾಗಗಳಿಲ್ಲ. ಆದ್ದರಿಂದ ಬಳಸಿದ ಹಾರ್ಡ್‌ಡಿಸ್ಕ್ ಕೊಳ್ಳುವಷ್ಟು ಅಪಾಯ ಬಳಸಿದ ರ‍್ಯಾಮ್ ಕೊಳ್ಳುವುದರಲ್ಲಿಲ್ಲ. ಡಿಡಿಆರ್2, ಡಿಡಿಆರ್3 ಪಟ್ಟಿಗಳು ಇಂದು ಹೆಚ್ಚಾಗಿ ಬಳಸಿದ ಸರಕಾಗಿಯೇ ದೊರೆಯುತ್ತವೆ. 2025ರ ಕೊನೆಯ ತಿಂಗಳುಗಳಿಂದ ಹೊಸ ರ‍್ಯಾಮ್‌ನ ಬೆಲೆ ಜಗತ್ತಿನಾದ್ಯಂತ ಏರಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯತ್ತ ತಯಾರಕರು ಹೊರಳಿದ್ದು ಇದಕ್ಕೆ ಮುಖ್ಯ ಕಾರಣ. ಮೈಕ್ರಾನ್ ಕಂಪನಿಯು ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯವಹಾರದಿಂದ ಹಿಂದೆ ಸರಿಯುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಹೀಗಿರುವಾಗ ಹಳೆಯ ಪಟ್ಟಿಯನ್ನು ಪರೀಕ್ಷಿಸಿ ಕೊಳ್ಳುವುದು ನಾಚಿಕೆಯ ಸಂಗತಿಯಲ್ಲ, ಜಾಣತನ.

ಆದೋನಿ, ಕರ್ನೂಲು, ರಾಯಚೂರು, ಬಳ್ಳಾರಿಯ ಅಂಗಡಿಗಳಲ್ಲಿ ಕೊಳ್ಳುವುದಾದರೆ ಸಿಪಿಯು ಪೆಟ್ಟಿಗೆಯನ್ನೇ ಜೊತೆಗೆ ಒಯ್ದು, ಅಲ್ಲಿಯೇ ಪಟ್ಟಿ ಹಾಕಿಸಿ, ಪರದೆಯಲ್ಲಿ ಜಿಬಿ ಸರಿಯಾಗಿ ಕಂಡ ಮೇಲೆ ಹಣ ಕೊಡಿ. ಮಾನಿಟರ್ ಒಯ್ಯಬೇಕಾಗಿಲ್ಲ, ಅಂಗಡಿಯದೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಆಯ್ಕೆ ಹೆಚ್ಚು, ಆದರೆ ಅಲ್ಲಿಂದ ತರಿಸಿದ್ದನ್ನು ಬದಲಿಸಲು ಮತ್ತೆ ಹೋಗಲಾಗದು. ದುಡಿಯಲು ಹೋದ ಬಂಧುವಿನ ಕೈಯಲ್ಲಿ ತರಿಸುವವರು ಈ ಕೆಳಗಿನ ಚೀಟಿಯನ್ನು ಹಳೆಯ ಪಟ್ಟಿಯ ಎರಡೂ ಬದಿಗಳ ಚಿತ್ರದೊಡನೆ ಕಳಿಸಬೇಕು:

- ಯಂತ್ರ: ಡೆಸ್ಕ್‌ಟಾಪ್ / ಲ್ಯಾಪ್‌ಟಾಪ್
- ಬೋರ್ಡಿನ ಮಾದರಿ: …
- ಪೀಳಿಗೆ: ಡಿಡಿಆರ್2 / ಡಿಡಿಆರ್3 / ಡಿಡಿಆರ್4
- ವೇಗ: …
- ಬೇಕಾದ ಗಾತ್ರ: … ಜಿಬಿ, … ಪಟ್ಟಿ
- ಖಾಲಿ ಸ್ಲಾಟ್: …
- ಬೇಡದ್ದು: ಸರ್ವರ್ ರ‍್ಯಾಮ್, ಇಸಿಸಿ, ಎಎಂಡಿಗೆ ಮಾತ್ರ ಎಂಬುದು (ಬೋರ್ಡ್ ಇಂಟೆಲ್ ಆಗಿದ್ದರೆ)

ಬಿಲ್ಲನ್ನು ಕೇಳಿ ಪಡೆಯಿರಿ. ಬಳಸಿದ ಸರಕಾದರೂ ‘ಹೊಂದದಿದ್ದರೆ ಇಂತಿಷ್ಟು ದಿನದೊಳಗೆ ಬದಲಿಸಿಕೊಡಲಾಗುವುದು’ ಎಂಬ ಒಂದು ಸಾಲನ್ನು ಅದರ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಕಡಿಮೆ.

ಹಾಕುವ ಕ್ರಮ

ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಒಳಗೆ ಉಳಿದ ವಿದ್ಯುತ್ತನ್ನು ಹೊರಹಾಕಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದರೆ ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿಯುತ್ತದೆ. ಒಣಹವೆಯ ಬೇಸಿಗೆಯಲ್ಲಿ ಇದನ್ನು ಮರೆಯಬಾರದು. ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಿರಿ, ಬಂಗಾರದ ಬಣ್ಣದ ಪಿನ್ನುಗಳನ್ನು ಮುಟ್ಟಬೇಡಿ. ಸ್ಲಾಟಿನ ಕೊನೆಯ ಕೊಂಡಿಗಳನ್ನು ತೆರೆದು, ಕಚ್ಚನ್ನು ಹೊಂದಿಸಿ, ಎರಡೂ ತುದಿಗಳಲ್ಲಿ ಸಮವಾಗಿ ಒತ್ತಿದರೆ ಕೊಂಡಿಗಳು ‘ಟಕ್’ ಎಂದು ತಾವೇ ಮುಚ್ಚಿಕೊಳ್ಳುತ್ತವೆ.

ಯಂತ್ರ ಹೊತ್ತಿಕೊಳ್ಳದೆ ಬೀಪ್ ಬೀಪ್ ಎಂದು ಕೂಗಿದರೆ ಗಾಬರಿ ಬೇಡ. ಹಲವು ಬೋರ್ಡುಗಳಲ್ಲಿ ಅದರರ್ಥ ‘ರ‍್ಯಾಮ್ ಸರಿಯಾಗಿ ಕೂತಿಲ್ಲ’ ಎಂಬುದಷ್ಟೆ. ತೆಗೆದು, ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಝಾಡಿಸಿ ಮತ್ತೆ ಕೂರಿಸಿ. ಹೊಸದೊಂದನ್ನು ಕೊಳ್ಳುವ ಮೊದಲು ಹಳೆಯದನ್ನೂ ಹೀಗೆ ಒಮ್ಮೆ ಉಜ್ಜಿ ಕೂರಿಸಿ ನೋಡುವುದು ಲೇಸು. ‘ಸತ್ತುಹೋದ’ ಎಷ್ಟೋ ಯಂತ್ರಗಳು ಇಷ್ಟರಿಂದಲೇ ಏಳುತ್ತವೆ.

ಕೊನೆಗೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಒಳಗೇ ಇರುವ ಸಾಧನದಿಂದ ಪರೀಕ್ಷೆ ನಡೆಸಿ. ದೋಷ ತೋರಿಸಿದರೆ ಬದಲಿಸುವ ಅವಧಿ ಮುಗಿಯುವ ಮೊದಲೇ ಮರಳಿಸಿ.

ಹಣ ಹಾಕಬಾರದ ಯಂತ್ರಗಳು

ಮೊದಲ ಪೀಳಿಗೆಯ ಡಿಡಿಆರ್ ಯಂತ್ರಕ್ಕೆ ಇಂದು ಒಂದು ರೂಪಾಯಿಯನ್ನೂ ಹಾಕಬೇಡಿ. ಕೆಪಾಸಿಟರುಗಳು ಉಬ್ಬಿರುವ ಬೋರ್ಡಿಗೂ ಅಷ್ಟೆ. ಡಿಡಿಆರ್2 ಯಂತ್ರಕ್ಕೆ 4 ಜಿಬಿವರೆಗೆ, ಅದೂ ಅಗ್ಗವಾಗಿ ಸಿಕ್ಕರೆ ಮಾತ್ರ. ಡಿಡಿಆರ್3 ಮತ್ತು ಅನಂತರದ ಯಂತ್ರಗಳಿಗೆ ಹಾಕಿದ ಹಣ ಹೆಚ್ಚು ಕಾಲ ಬಾಳುತ್ತದೆ.

ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಬಹುಪಾಲು ಡಿಡಿಆರ್3 ಯಂತ್ರಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ರ‍್ಯಾಮ್ ಹೆಚ್ಚಿಸಿದರೂ ಈ ಅಡ್ಡಿ ನಿವಾರಣೆಯಾಗದು. ಅಂತರಜಾಲ ಬಳಸುವ ಮನೆಗಳಿಗೆ ಲಿನಕ್ಸ್ ಒಳ್ಳೆಯ ದಾರಿ. ಲಿನಕ್ಸ್ ಮಿಂಟ್ ಕನಿಷ್ಠ 2 ಜಿಬಿ ಬೇಡುತ್ತದೆ, 4 ಜಿಬಿಯನ್ನು ಶಿಫಾರಸು ಮಾಡುತ್ತದೆ. ಅದರಲ್ಲಿ ಕನ್ನಡ ಯೂನಿಕೋಡ್ ಬರವಣಿಗೆಗೆ ಯಾವ ಅಡ್ಡಿಯೂ ಇಲ್ಲ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲಿಯೇ ಗಣಕ ಶಿಕ್ಷಣ ನಡೆಸುತ್ತಿವೆ. ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲಿ ಕಲಿಯುತ್ತಿದ್ದಾರೆ. ಅವರಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೆ ಅಸಾಧ್ಯವಲ್ಲ.

ಶಾಲೆಯ ಯಂತ್ರಗಳು

ಶಾಲೆಯ ಕೋಣೆಯಲ್ಲಿ ನಾಲ್ಕು ಯಂತ್ರಗಳು ನಿಂತಿದ್ದರೆ, ಒಂದೇ ಪೀಳಿಗೆಯವಾದರೆ, ಕೆಟ್ಟ ಎರಡರ ರ‍್ಯಾಮ್ ತೆಗೆದು ಉಳಿದೆರಡಕ್ಕೆ ಹಾಕಿ ನಡೆಸಬಹುದು. ಆದರೆ ಅವು ಸರ್ಕಾರದ ಆಸ್ತಿ. ಮುಖ್ಯೋಪಾಧ್ಯಾಯರ ಲಿಖಿತ ಒಪ್ಪಿಗೆ ಪಡೆದು, ದಾಸ್ತಾನು ವಹಿಯಲ್ಲಿ ನಮೂದಿಸಿಯೇ ಮಾಡಬೇಕು. ಪೋಷಕರ ಸಮಿತಿಯ ಸಭೆಯಲ್ಲಿ ಇದನ್ನು ಪ್ರಸ್ತಾಪಿಸುವ ಹಕ್ಕು ಎಲ್ಲ ಪೋಷಕರಿಗೂ ಇದೆ. ದಾನ ಕೊಡಬಯಸುವ ಹಳೆಯ ವಿದ್ಯಾರ್ಥಿಗಳಿಗೆ ‘ಏನಾದರೂ ಕಳಿಸಿ’ ಎನ್ನುವ ಬದಲು ಮೇಲಿನ ಚೀಟಿಯನ್ನೇ ತುಂಬಿ ಕಳಿಸಿದರೆ ಕಸದ ಬದಲು ಕೆಲಸಕ್ಕೆ ಬರುವ ಪಟ್ಟಿಗಳು ಬರುತ್ತವೆ. ಉಳಿದ ನಿರುಪಯೋಗಿ ಭಾಗಗಳನ್ನು ಸುಡಬಾರದು, ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತರಿಗೆ ಒಪ್ಪಿಸಬೇಕು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಂದಿನಿಂದ ಈ ಭಾಗದ ಕನ್ನಡ ಶಾಲೆಗಳು ಉಳಿದು ಬಂದಿರುವುದು ಪೋಷಕರ ಹಟದಿಂದ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡದಲ್ಲಿ ಗಣಕ ಕಲಿಕೆಯೂ ಆ ಸೌಲಭ್ಯದ ಭಾಗವಾಗಬೇಕೆಂಬ ಬೇಡಿಕೆಯನ್ನು ನಾವು ಬಿಟ್ಟುಕೊಟ್ಟಿಲ್ಲ. ಮನೆಯಲ್ಲಿ ರ‍್ಯಾಮ್ ಹಾಕಿಸಿಕೊಂಡ ಮಾತ್ರಕ್ಕೆ ಸರ್ಕಾರದ ಹೊಣೆ ತೀರುವುದಿಲ್ಲ. ಆದರೆ ಆ ಹೊಣೆ ಈಡೇರುವವರೆಗೆ ಏಳನೆಯ ತರಗತಿಯ ಮಗು ಕಾಯುತ್ತ ಕೂರಲಾಗದು, ಮುಂದಿನ ವರ್ಷ ಅದು ಎಂಟರಲ್ಲಿರುತ್ತದೆ. ಮೊಬೈಲಿನಲ್ಲಿ ಮಗು ನೋಡುತ್ತದೆ, ಗಣಕಯಂತ್ರದ ಮುಂದೆ ಕೂತರೆ ಬರೆಯುತ್ತದೆ. ಕನ್ನಡದಲ್ಲಿ ಬರೆಯುವ ಮಕ್ಕಳು ನಮಗೆ ಬೇಕು. ಈ ಭಾನುವಾರ ಬಟ್ಟೆ ಸರಿಸಿ ಪೆಟ್ಟಿಗೆ ತೆರೆಯಿರಿ, ಪಟ್ಟಿಯ ಮೇಲಿನ ಸಂಖ್ಯೆಯನ್ನು ಮಗುವಿನ ಕೈಯಿಂದಲೇ ಚೀಟಿಗೆ ಇಳಿಸಿರಿ.